ಹಳೇ ಕುಕಿಂಗ್ ರೇಂಜ್‌ಗೆ ಮೈಸೂರಲ್ಲಿ ಸ್ಪೇರ್ ಪಾರ್ಟ್ಸ್ ಎಲ್ಲಿ ಸಿಗುತ್ತೆ? ನಾಬ್ ಕೈಬಿಟ್ರೆ ಬರ್ನರ್ ಆರಿಹೋಗ್ತಿದೆ

ಅಡಿಗೆಮನೆ_ಸರಸ್ವತಿಪುರಂ:

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ನಾಲ್ಕು ಬರ್ನರ್ ಇರೋ ಕುಕಿಂಗ್ ರೇಂಜ್ ಇದೆ, ಮೇಲೆ ಒಲೆ ಕೆಳಗಡೆ ಗ್ಯಾಸ್ ಓವನ್, ಮನೆ ಕಟ್ಟಿಸಿದಾಗ ತಗೊಂಡಿದ್ದು, ಹತ್ತು ವರ್ಷದ ಮೇಲಾಯ್ತು. ಇಷ್ಟು ದಿನ ಒಂದು ತೊಂದರೆ ಕೊಟ್ಟಿರ್ಲಿಲ್ಲ, ಈಗ ಎಲ್ಲಾ ಒಟ್ಟಿಗೆ ಶುರುವಾಗಿದೆ.

ಮೊದಲನೇದು, ಮುಂದಗಡೆ ಎಡಗಡೆ ಇರೋ ದೊಡ್ಡ ಬರ್ನರ್. ನಾಬ್ ಒತ್ತಿ ತಿರುಗಿಸಿದ್ರೆ ಚಟಚಟ ಅಂತ ಕಿಡಿ ಬಂದು ಚೆನ್ನಾಗೇ ಹತ್ಕೊಳ್ಳುತ್ತೆ, ಕೈ ಬಿಟ್ಟ ತಕ್ಷಣ ಪಕ್ ಅಂತ ಆರಿಹೋಗುತ್ತೆ. ಅರ್ಧ ನಿಮಿಷ ಒತ್ತಿ ಹಿಡ್ಕೊಂಡು ನಿಂತ್ರೆ ಒಂದೊಂದ್ಸಲ ನಿಲ್ಲುತ್ತೆ, ಒಂದೊಂದ್ಸಲ ಅದೂ ಇಲ್ಲ. ಎರಡನೇದು, ಹಿಂದಗಡೆ ಬಲಗಡೆ ಬರ್ನರ್‌ನಲ್ಲಿ ಉರಿ ಹಳದಿ ಬರ್ತಿದೆ, ಪಾತ್ರೆ ತಳ ಎಲ್ಲ ಮಸಿ. ಮೂರನೇದು ಓವನ್, ಕೇಕ್ ಇಟ್ರೆ ತಳ ಕರ್ರಗೆ ಸೀದಿರುತ್ತೆ ಮೇಲೆ ಇನ್ನೂ ಹಸಿ ಹಿಟ್ಟು, ಮುಂಚೆ ಇದೇ ಓವನ್‌ನಲ್ಲಿ ಇದೇ ಟಿನ್‌ನಲ್ಲಿ ಎಷ್ಟು ಚೆನ್ನಾಗಿ ಬರ್ತಿತ್ತು.

ಕಂಪನಿ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿದ್ರೆ ಆ ಮಾಡೆಲ್ ನಿಲ್ಸಿಬಿಟ್ಟಿದೀವಿ, ಪಾರ್ಟ್ಸ್ ಬರಲ್ಲ, ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳಿ ಅಂತಾರೆ. ಬಾಡಿ ಪೂರ್ತಿ ಸ್ಟೀಲು, ಒಂದು ಚೂರು ತುಕ್ಕು ಹಿಡಿದಿಲ್ಲ, ಒಳಗಿನ ಚಿಕ್ಕ ಪಾರ್ಟ್‌ಗೋಸ್ಕರ ಇಷ್ಟು ದೊಡ್ಡ ಸಾಮಾನನ್ನ ಗುಜರಿಗೆ ಹಾಕೋಕೆ ಮನಸ್ಸು ಒಪ್ತಿಲ್ಲ. ಮೈಸೂರಲ್ಲಿ ಇದರ ಪಾರ್ಟ್ಸ್ ಎಲ್ಲಿ ಸಿಗುತ್ತೆ, ಮೊದಲು ಏನು ಚೆಕ್ ಮಾಡ್ಬೇಕು, ಗೊತ್ತಿರೋರು ದಯವಿಟ್ಟು ಹೇಳಿ.

ಇನ್‌ಸ್ಟ್ರುಮೆಂಟ್_ಮೇಷ್ಟ್ರು_ಕುವೆಂಪುನಗರ:

ಮೇಡಂ, ಹೊಸದು ತಗೊಳೋ ಅವಶ್ಯಕತೆ ಖಂಡಿತ ಇಲ್ಲ. ನೀವು ಹೇಳ್ತಿರೋ ಮೊದಲನೇ ತೊಂದರೆ ಥರ್ಮೋಕಪಲ್‌ದು. ನಾನು ಕೆಲಸದಲ್ಲಿದ್ದಷ್ಟು ವರ್ಷ ಫ್ಯಾಕ್ಟರಿ ಫರ್ನೇಸ್‌ಗಳಲ್ಲಿ ಇದನ್ನೇ ನೋಡ್ಕೊಂಡು ಬಂದವನು, ಸ್ವಲ್ಪ ವಿವರವಾಗಿ ಬರೀತೀನಿ, ಓದಿ.

ಬರ್ನರ್ ಪಕ್ಕ ಎರಡು ಕಡ್ಡಿ ಥರ ನಿಂತಿರುತ್ತೆ. ಬಿಳಿ ಪಿಂಗಾಣಿ ಹೊದಿಕೆ ಇರೋದು ಕಿಡಿ ಕೊಡೋದು. ಇನ್ನೊಂದು ಬರೀ ಲೋಹದ್ದು, ಅದೇ ಥರ್ಮೋಕಪಲ್. ಅದರ ತುದಿ ಉರಿಯಲ್ಲಿ ಕಾದಾಗ ಸಣ್ಣ ಕರೆಂಟ್ ಹುಟ್ಟುತ್ತೆ, ಸುಮಾರು 20ರಿಂದ 30 ಮಿಲಿವೋಲ್ಟ್ ಅಷ್ಟೇ. ಆ ಕರೆಂಟು ನಾಬ್ ಹಿಂದಿರೋ ವಾಲ್ವ್ ಒಳಗೆ ಒಂದು ಪುಟ್ಟ ಮ್ಯಾಗ್ನೆಟ್‌ನ ಹಿಡಿದಿಡುತ್ತೆ, ಮ್ಯಾಗ್ನೆಟ್ ಹಿಡಿದಿರೋ ತನಕ ಗ್ಯಾಸ್ ಬರುತ್ತೆ. ಹಾಲು ಉಕ್ಕಿಯೋ ಗಾಳಿಗೋ ಉರಿ ಆರಿದ್ರೆ ತುದಿ ತಣ್ಣಗಾಗಿ ಮ್ಯಾಗ್ನೆಟ್ ಬಿಟ್ಕೊಂಡು ಗ್ಯಾಸ್ ತಾನಾಗೇ ನಿಲ್ಲುತ್ತೆ. ನೀವು ನಾಬ್ ಒತ್ತಿ ಹಿಡಿದಾಗ ಕೈಯಿಂದ ಆ ವಾಲ್ವ್ ತೆರೆದು ಹಿಡಿದಿರ್ತೀರ, ಅದಕ್ಕೇ ಉರಿ ಇರುತ್ತೆ.

ಅರ್ಧ ನಿಮಿಷ ಹಿಡಿದ್ರೆ ಒಂದೊಂದ್ಸಲ ನಿಲ್ಲುತ್ತೆ ಅಂದ್ರಲ್ಲ, ಅದು ಒಳ್ಳೇ ಸುಳಿವು. ಮ್ಯಾಗ್ನೆಟ್ ಪೂರ್ತಿ ಸತ್ತಿಲ್ಲ, ಥರ್ಮೋಕಪಲ್‌ನಿಂದ ಕರೆಂಟ್ ಸಾಕಾಗ್ತಿಲ್ಲ ಅಂತ ಅರ್ಥ. ಒಂದು ಕೆಲಸ ಮಾಡಿ. ರೆಗ್ಯುಲೇಟರ್ ಆಫ್ ಮಾಡಿ, ರೇಂಜ್‌ನ ಪ್ಲಗ್ ಕಿತ್ತು, ಬರ್ನರ್ ತಣ್ಣಗಾದ ಮೇಲೆ ಆ ಲೋಹದ ತುದಿನ ನೋಡಿ. ಉಕ್ಕಿದ ಹಾಲು, ಎಣ್ಣೆ ಜಿಡ್ಡು ಸುಟ್ಟು ಕರ್ರಗೆ ಪದರ ಕಟ್ಟಿರುತ್ತೆ. ತೀರಾ ನುಣುಪಾದ ಎಮರಿ ಪೇಪರ್‌ನಲ್ಲಿ ಮೆತ್ತಗೆ ಉಜ್ಜಿ, ಲೋಹ ಕಾಣಿಸಿದ್ರೆ ಸಾಕು, ಕೆರೆದು ತೆಳ್ಳಗೆ ಮಾಡ್ಬೇಡಿ. ಆಮೇಲೆ ತುದಿ ಉರಿಗೆ ಸರಿಯಾಗಿ ತಾಗ್ತಿದ್ಯಾ ನೋಡಿ, ಎಷ್ಟೋ ಸಲ ಪಾತ್ರೆ ತಗುಲಿ ಕೆಳಕ್ಕೆ ಜಾರಿರುತ್ತೆ ಅಥವಾ ಪಕ್ಕಕ್ಕೆ ಬಾಗಿರುತ್ತೆ.

ಅದಕ್ಕೂ ಸರಿಹೋಗದಿದ್ರೆ ಮೇಲಿನ ಪ್ಲೇಟ್ ತೆಗೆಸಿ, ಚೆನ್ನಾಗಿರೋ ಬರ್ನರ್‌ನ ಥರ್ಮೋಕಪಲ್‌ನ ಕೆಟ್ಟಿರೋದಕ್ಕೆ, ಕೆಟ್ಟಿರೋದರದ್ದನ್ನ ಚೆನ್ನಾಗಿರೋದಕ್ಕೆ ಹಾಕಿ ನೋಡ್ಸಿ, ಉದ್ದ ಸಾಲಬೇಕು ಅಷ್ಟೇ. ತೊಂದರೆ ಥರ್ಮೋಕಪಲ್ ಜೊತೆ ಚೆನ್ನಾಗಿದ್ದ ಬರ್ನರ್‌ಗೆ ಹೋದ್ರೆ ಥರ್ಮೋಕಪಲ್ ಬದಲಾಯಿಸಿ, ಇದ್ದಲ್ಲೇ ಇದ್ರೆ ಮ್ಯಾಗ್ನೆಟ್ ಕಡೆ ನೋಡ್ಬೇಕು. ವಾಲ್ವ್ ಹಿಂದೆ ಅದು ಸೇರೋ ಜಾಗದಲ್ಲಿ ನಟ್ ಸಡಿಲ ಆಗಿದ್ರೂ ಇದೇ ಥರ ಆಗುತ್ತೆ. ಕೈಯಲ್ಲಿ ಬಿಗಿ ಮಾಡಿ ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ, ತುದಿಯಲ್ಲಿರೋ ಇನ್ಸುಲೇಷನ್ ಜಜ್ಜಿಹೋದ್ರೆ ಹೊಸ ಪಾರ್ಟೂ ಹಾಳು.

ಮಂಡ್ಯ_ಹೈದ_ಸ್ಟೌ_ರಿಪೇರಿ:

ಅಕ್ಕ, ಮೇಷ್ಟ್ರು ಹೇಳಿದ್ದು ಕರೆಕ್ಟಾಗೈತೆ. ನಾನು ಮಂಡ್ಯದಲ್ಲಿ ಸ್ಟೌ ರಿಪೇರಿ ಮಾಡ್ತೀನಿ, ಹೋಟ್ಲು ಕಲ್ಯಾಣಮಂಟಪದ ಒಲೆಗಳೂ ನೋಡ್ತೀನಿ. ಹಳದಿ ಉರಿ ವಿಚಾರ ನಾನು ಹೇಳ್ತೀನಿ ಕೇಳಿ.

ಹಳದಿ ಅಂದ್ರೆ ಗ್ಯಾಸ್ ಜೊತೆ ಗಾಳಿ ಸರಿಯಾಗಿ ಬೆರೀತಿಲ್ಲ ಅಂತವ. ಮೊದ್ಲು ಬರ್ನರ್ ಮೇಲಿನ ಮುಚ್ಚಳ ಸರಿಯಾಗಿ ಕೂತೈತಾ ನೋಡ್ಕಳಿ, ವಸಿ ಓರೆ ಆದ್ರೂ ಒಂದ್ಕಡೆ ಉರಿ ಉದ್ದ ಹಳದಿ ಬತ್ತದೆ. ನಮ್ ಕಡೆ ಮನೆಗಳಲ್ಲಿ ಮುದ್ದೆ ತಿರುವೋವಾಗ ಪಾತ್ರೆ ಅಲ್ಲಾಡಿ ಸ್ಟ್ಯಾಂಡ್ ಜರುಗುತ್ತೆ, ಜೊತೆಗೆ ಮುಚ್ಚಳನೂ ಜರುಗುತ್ತೆ, ಹಿಟ್ಟಿನ ನೀರು ಚೆಲ್ಲಿ ತೂತಲ್ಲಿ ಒಣಗಿ ಕಲ್ಲಾಗಿರುತ್ತೆ. ಬರ್ನರ್ ಬಿಚ್ಚಿ ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ನೆನೆಸಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ರೇಂಜಿನ ಬರ್ನರ್ ಸಾಮಾನ್ಯವಾಗಿ ಅಲ್ಯೂಮಿನಿಯಂದು, ಅದಕ್ಕೆ ಸೋಡಾಗೀಡಾ ಹಾಕ್ಬೇಡಿ ಕರ್ರಗಾಯ್ತದೆ, ಹಿತ್ತಾಳೆ ಬರ್ನರ್‌ಗೆ ಉಜ್ಜೋ ಹಂಗೆ ಹುಣಸೆಹಣ್ಣೂ ಬೇಡ. ಪೂರ್ತಿ ಒಣಗಿಸಿ ಹಾಕಿ, ನೀರು ಉಳಿದಿದ್ರೂ ಉರಿ ಕುಣೀತದೆ.

ಅದ್ರಲ್ಲೂ ಸರಿಹೋಗ್ನಿಲ್ಲ ಅಂದ್ರೆ ಒಳಗಡೆ ಗಾಳಿ ಹೋಗೋ ದಾರೀಲಿ ಏನೋ ಸಿಕ್ಕೊಂಡೈತೆ. ಜೇಡ ಗೂಡು ಕಟ್ಟಿರುತ್ತೆ, ಜಿರಳೆ ಸತ್ತಿರುತ್ತೆ, ಜಾಸ್ತಿ ಉಪಯೋಗಿಸದೇ ಇರೋ ಹಿಂದಗಡೆ ಬರ್ನರ್‌ನಲ್ಲೇ ಇದು ಹೆಚ್ಚು. ಜೆಟ್ ಅಂತ ಒಂದು ಪುಟ್ಟ ಹಿತ್ತಾಳೆ ಸ್ಕ್ರೂ ಇರ್ತದೆ, ಮಧ್ಯೆ ಕೂದಲೆಳೆ ಹೋಗೋವಷ್ಟು ತೂತು. ಕೆಲವ್ರು ಹೊಲಿಗೆ ಸೂಜಿ ಹಾಕಿ ತಿರುವಿಬುಡ್ತಾರೆ, ದಯವಿಟ್ಟು ಹಂಗೆ ಮಾಡ್ಬೇಡಿ ಅಕ್ಕ, ಹಿತ್ತಾಳೆ ಮೆತ್ತಗಿರ್ತದೆ, ತೂತು ದೊಡ್ಡದಾದ್ರೆ ಗ್ಯಾಸ್ ಜಾಸ್ತಿ ಬಂದು ಹಳದಿ ಇನ್ನೂ ಜಾಸ್ತಿ ಆಯ್ತದೆ. ಜೆಟ್ ಬಿಚ್ಚಿ ಬಿಸಿ ಸೋಪ್ ನೀರಲ್ಲಿ ನೆನೆಸಿ ಗಾಳಿ ಊದಿ ಸಾಕು. ಜೆಟ್ ಮೇಲೆ ಸಣ್ಣದಾಗಿ ನಂಬರ್ ಹೊಡೆದಿರ್ತಾರೆ, ತೂತಿನ ಅಳತೆ ಅದು, 65 ಅಂದ್ರೆ 0.65 ಮಿಲಿಮೀಟರ್. ಬದಲಾಯಿಸೋದಾದ್ರೆ ಅದೇ ನಂಬರಿಂದೇ ಹಾಕಿ.

ಇನ್ನೊಂದು ಮಾತು. ನಿಮ್ ಏರಿಯಾಗೆ ಪೈಪ್ ಗ್ಯಾಸ್ ಬತ್ತಾಯ್ತಾ? ಬರೋ ಹಂಗಿದ್ರೆ ಈಗ್ಲೇ ಜೆಟ್ ಸೆಟ್ ಕೊಂಡ್ಕಬೇಡಿ. ಸಿಲಿಂಡರ್ ಗ್ಯಾಸ್‌ಗೂ ಪೈಪ್ ಗ್ಯಾಸ್‌ಗೂ ಜೆಟ್ ಬೇರೆ ಬೇರೆ. ಪೈಪ್ ಗ್ಯಾಸಲ್ಲಿ ಶಾಖ ಕಮ್ಮಿ, ಪ್ರೆಷರೂ ಕಮ್ಮಿ, ಅದಕ್ಕೆ ದೊಡ್ಡ ತೂತು ಬೇಕು. ಅದೇ ದೊಡ್ಡ ಜೆಟ್ ಇಟ್ಕೊಂಡು ಸಿಲಿಂಡರ್ ಹಾಕಿದ್ರೆ ಉರಿ ಆಳೆತ್ತರ ಬತ್ತದೆ, ಬಹಳ ಡೇಂಜರ್.

ಅಡಿಗೆಮನೆ_ಸರಸ್ವತಿಪುರಂ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಒಂದು ಕೇಳ್ಬೇಕಿತ್ತು. ಹೋದ ವಾರ ಪಕ್ಕದ ರಸ್ತೆಯಿಂದ ಒಬ್ರು ಮೆಕ್ಯಾನಿಕ್ ಬಂದು ನೋಡಿದ್ರು. ಅವರು ಈ ಸೇಫ್ಟಿ ಡಿವೈಸ್ ಇದ್ರೆ ಯಾವಾಗ್ಲೂ ತೊಂದರೆ ಮೇಡಂ, ಅದನ್ನ ತೆಗೆದು ಡೈರೆಕ್ಟ್ ಮಾಡಿಕೊಟ್ಬಿಡ್ತೀನಿ, ಮಾಮೂಲಿ ಸ್ಟೌ ಥರ ಉರಿಯುತ್ತೆ ಅಂದ್ರು. ಮನೇಲಿ ಅತ್ತೆಗೆ ವಯಸ್ಸಾಗಿದೆ, ಒತ್ತಿ ಹಿಡಿಯೋಕೆ ಕಷ್ಟ ಅಂತ ನಮ್ಮನೆಯವರು ಮಾಡ್ಸಿಬಿಡೋಣ ಅಂತಿದಾರೆ. ಮಾಡಿಸ್ಬಹುದಾ?

ಇನ್‌ಸ್ಟ್ರುಮೆಂಟ್_ಮೇಷ್ಟ್ರು_ಕುವೆಂಪುನಗರ:

ಬೇಡವೇ ಬೇಡ. ದಯವಿಟ್ಟು ಮಾಡಿಸ್ಬೇಡಿ.

ಮನೇಲಿ ವಯಸ್ಸಾದವರಿದಾರೆ ಅನ್ನೋದೇ ಅದನ್ನ ಉಳಿಸ್ಕೊಳ್ಳೋಕೆ ಕಾರಣ. ಒಲೆ ಮೇಲೆ ಹಾಲಿಟ್ಟು ಅತ್ತೆ ದೇವರಮನೆಗೆ ಹೋಗಿರ್ತಾರೆ ಅಂದ್ಕೊಳಿ, ಹಾಲು ಉಕ್ಕಿ ಉರಿ ಆರಿದ್ರೆ ಆ ಡಿವೈಸ್ ಇಲ್ದೇ ಗ್ಯಾಸ್ ಹಾಗೇ ಬರ್ತಾ ಇರುತ್ತೆ. ಅಡಿಗೆ ಗ್ಯಾಸ್ ಗಾಳಿಗಿಂತ ಭಾರ, ಮೇಲಕ್ಕೆ ಹೋಗಲ್ಲ, ನೆಲದ ಮೇಲೆ, ಕಪಾಟಿನ ಕೆಳಗೆ, ಮೂಲೆಗಳಲ್ಲಿ ಹರಡಿಕೊಂಡು ಕೂತಿರುತ್ತೆ. ವಯಸ್ಸಾದವರಿಗೆ ವಾಸನೆ ಗೊತ್ತಾಗೋದೂ ಕಮ್ಮಿ. ಫ್ರಿಜ್ ಆನ್ ಆಗೋವಾಗ ಬರೋ ಕಿಡಿ ಸಾಕು. ಥರ್ಮೋಕಪಲ್ ಕೆಲವು ನೂರು ರೂಪಾಯಿ ಸಾಮಾನು, ಅದನ್ನ ಉಳಿಸೋಕೆ ಹೋಗಿ ಮನೆಯವರ ಜೀವದ ಜೊತೆ ಆಟ ಆಡಬಾರದು. ಸರಿಯಾಗಿರೋ ಥರ್ಮೋಕಪಲ್ ಹಾಕಿದ್ರೆ ಐದಾರು ಸೆಕೆಂಡ್ ಒತ್ತಿದ್ರೆ ಸಾಕು, ಅತ್ತೆಗೂ ಕಷ್ಟ ಆಗಲ್ಲ.

ರಿಪೇರಿ ಆದ ಮೇಲೆ ಒಂದು ಟೆಸ್ಟ್ ಮಾಡಿ. ಎರಡು ಮೂರು ನಿಮಿಷ ಉರಿಸಿ ನಾಬ್ ಆಫ್ ಮಾಡಿ, ಕಿವಿಗೊಟ್ಟು ಕೇಳಿ. ಸ್ವಲ್ಪ ಹೊತ್ತಾದ ಮೇಲೆ ಒಳಗಿಂದ ಟಕ್ ಅಂತ ಸಣ್ಣ ಸದ್ದು ಬರುತ್ತೆ. ಮ್ಯಾಗ್ನೆಟ್ ಹಿಡಿದಿದ್ದು ಬಿಡ್ತು ಅಂತ ಅದರ ಅರ್ಥ, ಡಿವೈಸ್ ಕೆಲಸ ಮಾಡ್ತಿದೆ.

ರೇಂಜ್ ಹಿಂದೆ ಗ್ಯಾಸ್ ಪೈಪ್ ಹೇಗೆ ಹೋಗಿದೆ ಅಂತಾನೂ ನೋಡಿ. ಓವನ್ ಇರೋ ರೇಂಜ್‌ನಲ್ಲಿ ಹಿಂದಗಡೆ ಬಾಡಿ ಚೆನ್ನಾಗಿ ಕಾಯುತ್ತೆ, ಪೈಪ್ ಅದಕ್ಕೆ ತಾಗ್ಕೊಂಡು ಹೋಗಿರಬಾರದು. ಸುರಕ್ಷಾ ಪೈಪ್ ಮೇಲೆ ತಾರೀಖು ಇರುತ್ತೆ, ಐದು ವರ್ಷ ದಾಟಿದ್ರೆ ಬದಲಾಯಿಸ್ಬೇಕು, ಒಂದೂವರೆ ಮೀಟರ್‌ಗಿಂತ ಉದ್ದ ಬೇಡ. ಯಾವಾಗಾದ್ರೂ ವಾಸನೆ ಬಂದ್ರೆ ರೆಗ್ಯುಲೇಟರ್ ಆಫ್ ಮಾಡಿ ಕಿಟಕಿ ಬಾಗಿಲು ತೆಗೀರಿ, ಲೈಟು ಫ್ಯಾನು ಯಾವ ಸ್ವಿಚ್ಚೂ ಮುಟ್ಟಬೇಡಿ, ಮನೆಯಿಂದ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ, ಗ್ಯಾಸ್ ಲೀಕ್‌ಗೆ ಅಂತಾನೇ ಇರೋ ನಂಬರ್ ಅದು, ದಿನದ 24 ಗಂಟೆ.

ಮನೆ_ಬೇಕಿಂಗ್_ವಿಜಯನಗರ:

ಓವನ್ ಬಗ್ಗೆ ನಾನು ಹೇಳ್ತೀನಿ, ನಾನು ಮನೇಲೇ ಕೇಕ್, ಬನ್ನು ಮಾಡಿ ಕೊಡ್ತೀನಿ, ನನ್ನದೂ ಗ್ಯಾಸ್ ಓವನ್ನೇ. ಗ್ಯಾಸ್ ಓವನ್‌ನಲ್ಲಿ ಬರ್ನರ್ ಕೆಳಗಡೆ ಇರೋದ್ರಿಂದ ತಳ ಸ್ವಲ್ಪ ಬೇಗ ಬೇಯೋದು ಸಹಜ, ಟಿನ್ ಮಧ್ಯದ ರ‍್ಯಾಕ್‌ನಲ್ಲೇ ಇಡ್ಬೇಕು. ಆದ್ರೆ ಮುಂಚೆ ಚೆನ್ನಾಗಿ ಬರ್ತಿತ್ತು ಈಗ ಕೆಟ್ಟಿದೆ ಅಂದ್ರೆ ಎರಡು ಜಾಗ ನೋಡಿ.

ಒಳಗೆ ಗೋಡೆ ಪಕ್ಕ ಅಥವಾ ಮೇಲ್ಗಡೆ ಪೆನ್ಸಿಲ್‌ಗಿಂತ ಸಣ್ಣ ಒಂದು ತಾಮ್ರ ಅಥವಾ ಸ್ಟೀಲ್ ಕೊಳವೆ ಕ್ಲಿಪ್‌ನಲ್ಲಿ ಸಿಕ್ಕಿಸಿರ್ತಾರೆ, ಅದರಿಂದ ಕೂದಲಿನಷ್ಟು ತೆಳು ಟ್ಯೂಬ್ ನಾಬ್ ಕಡೆ ಹೋಗಿರುತ್ತೆ. ಥರ್ಮೋಸ್ಟಾಟ್ ಬಲ್ಬ್ ಅಂತಾರೆ. ಒಳಗಿರೋ ದ್ರವ ಕಾದು ಹಿಗ್ಗಿದಾಗ ಗ್ಯಾಸ್ ಕಮ್ಮಿ ಮಾಡುತ್ತೆ. ಓವನ್ ಒರೆಸೋವಾಗ ಅದು ಕ್ಲಿಪ್‌ನಿಂದ ಕಳಚಿ ತಣ್ಣಗಿರೋ ಬಾಗಿಲ ಕಡೆ ನೇತಾಡ್ತಿದ್ರೆ ಓವನ್‌ಗೆ ಇನ್ನೂ ಕಾದಿಲ್ಲ ಅನ್ಸುತ್ತೆ, ಕೆಳಗಿನ ಉರಿ ಜೋರಾಗೇ ಇರುತ್ತೆ, ತಳ ಸೀಯುತ್ತೆ. ಮತ್ತೆ ಕ್ಲಿಪ್‌ಗೆ ಸಿಕ್ಕಿಸಿದ್ರೆ ಮುಗೀತು, ಆದ್ರೆ ಆ ತೆಳು ಟ್ಯೂಬ್ ಬಗ್ಗಿಸಿ ಮಡಚಬೇಡಿ, ಮುರಿದ್ರೆ ಪೂರ್ತಿ ಥರ್ಮೋಸ್ಟಾಟ್ ಬದಲಾಯಿಸ್ಬೇಕು.

ಇನ್ನೊಂದು ಬಾಗಿಲಿನ ಗ್ಯಾಸ್ಕೆಟ್, ಅಂದ್ರೆ ಅಂಚಿನ ಸುತ್ತ ಇರೋ ಸೀಲ್ ಪಟ್ಟಿ. ಹರಿದಿದ್ರೆ ಅಥವಾ ಗಟ್ಟಿಯಾಗಿದ್ರೆ ಬಿಸಿಗಾಳಿ ಮೇಲಿಂದ ಆಚೆ ಹೋಗ್ಬಿಡುತ್ತೆ, ಅದಕ್ಕೇ ಮೇಲೆ ಹಸಿ. ಬಾಗಿಲ ಸಂದೀಲಿ ಒಂದು ಕಾಗದದ ಚೂರು ಇಟ್ಟು ಮುಚ್ಚಿ ಎಳೀರಿ, ಓವನ್ ತಣ್ಣಗಿದ್ದಾಗ. ಸಲೀಸಾಗಿ ಜಾರಿ ಬಂದ್ರೆ ಅಲ್ಲಿ ಸೀಲ್ ಇಲ್ಲ. ಒಂದು ಓವನ್ ಥರ್ಮಾಮೀಟರ್ ತಗೊಳಿ, ದುಬಾರಿ ಏನಲ್ಲ. 180ಕ್ಕೆ ಇಟ್ಟು ಇಪ್ಪತ್ತು ನಿಮಿಷ ಕಾಯಿಸಿ ನೋಡಿದ್ರೆ ನಾಬ್ ಹೇಳೋದು ನಿಜಾನಾ ಅಂತ ಗೊತ್ತಾಗುತ್ತೆ. ಅದಿಲ್ದೇ ಥರ್ಮೋಸ್ಟಾಟ್ ಕೆಟ್ಟಿದೆ ಅಂತ ತೀರ್ಮಾನ ಮಾಡ್ಬೇಡಿ, ಇರೋದ್ರಲ್ಲಿ ದುಬಾರಿ ಪಾರ್ಟ್ ಅದೇ.

ಶಿವರಾಂಪೇಟೆ_ಓಡಾಟ:

ಪಾರ್ಟ್ಸ್ ಎಲ್ಲಿ ಸಿಗುತ್ತೆ ಅಂತ ಕೇಳಿದ್ರಲ್ಲ, ಅದಕ್ಕೆ ಬರ್ತೀನಿ. ಕಂಪನಿ ಹೆಸರು ಹೇಳ್ಕೊಂಡು ಅಂಗಡಿ ಅಂಗಡಿ ಸುತ್ತಿದ್ರೆ ಎಲ್ಲಾ ಕಡೆ ಇಲ್ಲ ಅನ್ನೋದೇ ಉತ್ತರ. ಪಾರ್ಟ್‌ನ ಅಳತೆ ಹಿಡ್ಕೊಂಡು ಹೋಗ್ಬೇಕು. ರೇಂಜ್ ಮೇಲೆ ಹೆಸರು ಯಾವ ಕಂಪನಿದಾದ್ರೂ ಇರ್ಲಿ, ಒಳಗಿನ ಬರ್ನರ್, ವಾಲ್ವ್ ಎಲ್ಲಾ ಅವರೇ ಮಾಡಿರಲ್ಲ, ಬೇರೆಯವರ ಹತ್ರ ತರಿಸಿ ಜೋಡಿಸಿರ್ತಾರೆ. ಇಟಲಿಯ ಸಬಾಫ್ ಅನ್ನೋ ಕಂಪನಿ ಬರ್ನರ್, ವಾಲ್ವ್‌ಗಳು ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಇರುತ್ತೆ. ಬರ್ನರ್ ಎತ್ತಿ ಕೆಳಭಾಗ ನೋಡಿ, ವಾಲ್ವ್ ಮೈಮೇಲೆ ನೋಡಿ, ಏನು ಹೆಸರು ನಂಬರ್ ಕೆತ್ತಿದೆಯೋ ಅದನ್ನ ಫೋಟೋ ತೆಗೀರಿ. ಆ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಹುಡುಕಿದ್ರೆ ಸಿಗುತ್ತೆ, ಮಾಡೆಲ್ ಹೆಸರು ಹಾಕಿದ್ರೆ ಸಿಗಲ್ಲ. ರೇಂಜ್‌ನ ಮಾಡೆಲ್ ನಂಬರ್ ಪ್ಲೇಟ್ ಓವನ್ ಬಾಗಿಲು ತೆಗೆದ್ರೆ ಫ್ರೇಮ್ ಮೇಲೋ, ಕೆಳಗಿನ ಡ್ರಾಯರ್ ಒಳಗೋ, ಹಿಂದಗಡೆಯೋ ಇರುತ್ತೆ, ಅದರ ಫೋಟೋನೂ ಇರ್ಲಿ.

ಥರ್ಮೋಕಪಲ್ ತರೋಕೆ ಮೂರು ವಿಷಯ ಸಾಕು. ತಂತಿ ಉದ್ದ ಎಷ್ಟು, ಉರಿ ಕಡೆ ತುದಿ ಹೇಗೆ ಕೂರುತ್ತೆ, ವಾಲ್ವ್ ಕಡೆ ನಟ್ ಇದ್ಯಾ ಅಥವಾ ಒತ್ತಿ ಸಿಕ್ಕಿಸೋ ಪಿನ್ ಇದ್ಯಾ. ನಟ್ ಆದ್ರೆ 8 ಮಿಲಿಮೀಟರ್ ಥ್ರೆಡ್, 9 ಮಿಲಿಮೀಟರ್ ಥ್ರೆಡ್ ಅಂತ ಬೇರೆ ಬೇರೆ ಬರುತ್ತೆ, ಕಣ್ಣಳತೆಗೆ ಗೊತ್ತಾಗಲ್ಲ. ಅದಕ್ಕೆ ಹಳೇ ಪಾರ್ಟ್ ಬಿಚ್ಚಿ ಕವರ್‌ನಲ್ಲಿ ಹಾಕ್ಕೊಂಡು ಹೋಗಿ. ಉದ್ದ ಒಂದ್ಚೂರು ಜಾಸ್ತಿ ಇದ್ರೆ ಸುತ್ತಿ ಇಡಬಹುದು, ಕಮ್ಮಿ ಇದ್ರೆ ಆಗಲ್ಲ. ಶಿವರಾಂಪೇಟೆ, ಸಂತೇಪೇಟೆ ಸುತ್ತಮುತ್ತ ಸ್ಟೌ ರಿಪೇರಿ, ಗ್ಯಾಸ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ, ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಮಧ್ಯಾಹ್ನ ಗಾಡಿ ನಿಲ್ಸೋಕೆ ಜಾಗ ಸಿಗಲ್ಲ. ಹೋಟೆಲ್ ಅಡಿಗೆ ಸಾಮಾನು ರಿಪೇರಿ ಮಾಡೋರ ಹತ್ರಾನೂ ಕೇಳಿ, ಅವರು ಥರ್ಮೋಕಪಲ್ ಯಾವಾಗ್ಲೂ ಇಟ್ಕೊಂಡಿರ್ತಾರೆ. ಅಲ್ಲೆಲ್ಲೂ ಇಲ್ಲ ಅಂದ್ರೆ ಮಾತ್ರ ಬೆಂಗಳೂರು.

ಕಂಪನಿಯವರನ್ನೂ ಹಾಗೇ ಬಿಡ್ಬೇಡಿ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯವರು 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಅಂತ ಪೋರ್ಟಲ್ ಮಾಡಿದಾರೆ, ಮನೆಬಳಕೆ ಸಾಮಾನೂ ಅದರಲ್ಲಿ ಬರುತ್ತೆ. ನಿಮ್ಮ ಕಂಪನಿ ಅದರಲ್ಲಿದ್ಯಾ ನೋಡಿ. ಪಾರ್ಟ್ ಇಲ್ಲ ಅನ್ನೋದನ್ನ ಫೋನ್‌ನಲ್ಲಿ ಹೇಳಿದ್ರೆ ಸಾಲದು, ಮೇಲ್‌ನಲ್ಲಿ ಬರೆದು ಕೊಡಿ ಅಂತ ಕೇಳಿ. ಅದಕ್ಕೂ ಬಗ್ಗದಿದ್ರೆ 1915, ಗ್ರಾಹಕ ಸಹಾಯವಾಣಿ, ಅಲ್ಲಿ ದೂರು ಕೊಡಿ. ಎಲ್ಲರೂ ಸುಮ್ನೆ ಹೊಸದು ತಗೊಂಡ್ರೆ ಅವರು ಪಾರ್ಟ್ಸ್ ಇಡೋದನ್ನೇ ಬಿಡ್ತಾರೆ.

ಅಡಿಗೆಮನೆ_ಸರಸ್ವತಿಪುರಂ:

ಅಪ್‌ಡೇಟ್ ಹಾಕ್ತಿದೀನಿ. ತುದಿ ಉಜ್ಜಿದ್ದಕ್ಕೆ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಆಮೇಲೆ ಬೇರೆ ಮೆಕ್ಯಾನಿಕ್ ಕರೆಸಿ ಮೇಷ್ಟ್ರು ಹೇಳಿದ ಹಾಗೆ ಪಕ್ಕದ ಬರ್ನರ್ ಜೊತೆ ಅದಲುಬದಲು ಮಾಡ್ಸಿದ್ವಿ, ತೊಂದರೆ ಅದರ ಜೊತೇಲೇ ಆ ಕಡೆಗೆ ಹೋಯ್ತು. ಹಳೇದನ್ನ ಹಿಡ್ಕೊಂಡು ಶಿವರಾಂಪೇಟೆ ಕಡೆ ಹೋದ್ರೆ ಮಾಡೆಲ್ ಹೆಸರೇ ಕೇಳಲಿಲ್ಲ, ಕೈಲಿದ್ದಿದ್ದನ್ನ ಇಸ್ಕೊಂಡು ನಟ್ ಹೊಂದಿಸಿ ನೋಡಿ ಅದೇ ಥರದ್ದು ಕೊಟ್ರು, ಹತ್ತು ಸೆಂಟಿಮೀಟರ್ ಉದ್ದ ಜಾಸ್ತಿ ಅಷ್ಟೇ. ಈಗ ಅತ್ತೆ ಹತ್ತಿಸಿದ್ರೂ ನಿಲ್ಲುತ್ತೆ, ಆಫ್ ಮಾಡಿದ ಮೇಲೆ ಟಕ್ ಸದ್ದೂ ಕೇಳಿಸ್ತು. ಜಾಯಿಂಟ್‌ಗಳಿಗೆಲ್ಲ ಸೋಪ್ ನೀರು ಹಚ್ಚಿ ಗುಳ್ಳೆ ಬರಲ್ಲ ಅಂತ ಖಾತ್ರಿ ಮಾಡ್ಕೊಂಡ್ವಿ. ಡೈರೆಕ್ಟ್ ಮಾಡ್ಸೋ ಮಾತು ನಮ್ಮನೆಯವರು ಈ ಥ್ರೆಡ್ ಓದಿದ ಮೇಲೆ ಬಿಟ್ಟಿದಾರೆ.

ಹಿಂದಗಡೆ ಬರ್ನರ್ ಬಿಚ್ಚಿದ್ರೆ ಒಳಗೆ ಹತ್ತಿ ಥರ ಬೆಳ್ಳಗೆ ಗೂಡು. ತೆಗೆದು ತೊಳೆದು ಹಾಕಿದ್ಮೇಲೆ ನೀಲಿ ಉರಿ. ಓವನ್ ಬಲ್ಬ್ ಕ್ಲಿಪ್‌ನಲ್ಲೇ ಇದೆ, ಥರ್ಮಾಮೀಟರ್ 170 ತೋರಿಸ್ತು, ಪರವಾಗಿಲ್ಲ ಅನ್ಸುತ್ತೆ. ಆದ್ರೆ ಕಾಗದ ಮೇಲ್ಗಡೆ ಎರಡೂ ಮೂಲೇಲಿ ಸಲೀಸಾಗಿ ಜಾರಿ ಬರ್ತಿದೆ, ಗ್ಯಾಸ್ಕೆಟ್ ಅಲ್ಲಿ ಕಲ್ಲಿನ ಹಾಗೆ ಗಟ್ಟಿ. ಇದು ಅಂಗಡಿಗಳಲ್ಲಿ ಸಿಗಲಿಲ್ಲ. ಮಾಮೂಲಿ ರಬ್ಬರ್ ಬೀಡಿಂಗ್ ಹಾಕಿದ್ರೆ ನಡೆಯುತ್ತಾ?

ಮನೆ_ಬೇಕಿಂಗ್_ವಿಜಯನಗರ:

ಮಾಮೂಲಿ ರಬ್ಬರ್ ಬೇಡ ಮೇಡಂ, ಕರಗಿ ವಾಸನೆ ಬರುತ್ತೆ, ತಿನ್ನೋ ಪದಾರ್ಥಕ್ಕೂ ಹತ್ತುತ್ತೆ. ಓವನ್‌ಗೆ ಅಂತಾನೇ ಬರೋ ಸಿಲಿಕೋನ್ ಗ್ಯಾಸ್ಕೆಟ್ ಅಥವಾ ಫೈಬರ್‌ಗ್ಲಾಸ್ ಹಗ್ಗ ಬೇಕು. 170 ಅಂದ್ರೆ ಥರ್ಮೋಸ್ಟಾಟ್ ಚೆನ್ನಾಗೇ ಇದೆ, ಅದನ್ನ ಮುಟ್ಟಬೇಡಿ. ಹಳೇ ಗ್ಯಾಸ್ಕೆಟ್ ನಿಧಾನಕ್ಕೆ ಎಳೆದು ತೆಗೆದು ನಾಲ್ಕೂ ಬದಿ ಅಳತೆ, ಅದರ ಕೊಕ್ಕೆ ಎಷ್ಟಿದೆ, ಮೂಲೇಲಿದ್ಯಾ ಮಧ್ಯದಲ್ಲಿದ್ಯಾ ಅಂತ ಬರ್ಕೊಳ್ಳಿ, ಒಂದು ಕಡೆ ಕತ್ತರಿಸಿ ಆ ಕಡೆಯಿಂದ ಫೋಟೋ ತೆಗೀರಿ, ಆಕಾರ ನೋಡೇ ಆನ್‌ಲೈನ್‌ನಲ್ಲಿ ಹೊಂದಿಸ್ತಾರೆ. ಕೆಲವು ಬಾಗಿಲುಗಳಿಗೆ ಕೆಳಗಡೆ ಗ್ಯಾಸ್ಕೆಟ್ ಇರೋದೇ ಇಲ್ಲ, ಮೂರೇ ಬದಿ, ಗಾಬರಿ ಆಗ್ಬೇಡಿ. ಇಲ್ಲಿ ಫೋಟೋ ಹಾಕಿ, ನಾನು ನನ್ನದನ್ನ ತರಿಸಿದ ಕಡೆ ಅದೇ ಆಕಾರ ಇದ್ಯಾ ನೋಡಿ ಹೇಳ್ತೀನಿ.